ಕಡ್ಡಿ ಮುರಿದರೆ ಕನ್ನಡಕವನ್ನೇ ಎಸೆಯಬೇಕೆ?

ಚಾಮರಾಜನಗರದ ಪೇಟೆಗೆ ಮುರಿದ ಕನ್ನಡಕ ಹಿಡಿದು ಹೋಗಿ ನೋಡಿ. ಅದನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಉತ್ತರ ಸಿದ್ಧ: ‘ಇದ್ಕೆ ಕಡ್ಡಿ ಬರಲ್ಲ ಸಾ, ಹೊಸದೇ ತಗೊಂಬುಡಿ. ಒಂದು ತಗೊಂಡ್ರೆ ಇನ್ನೊಂದು ಫ್ರೀ.’ ಬಾಳಿಕೆ ಬರುವ ಒಂದನ್ನು ಕೇಳಿದವನ ಕೈಗೆ ಬಾಳದ ಎರಡನ್ನು ತುರುಕುವುದು ಯಾವ ಸೀಮೆಯ ಔದಾರ್ಯ?

ತಪ್ಪೆಲ್ಲ ನಮ್ಮದೇ ಅಂತೆ. ಒರಟಾಗಿ ಬಳಸುತ್ತೇವಂತೆ, ಪಂಚೆ ಚುಂಗಿನಲ್ಲಿ ಒರೆಸುತ್ತೇವಂತೆ, ಒಂದೇ ಕೈಯಲ್ಲಿ ತೆಗೆಯುತ್ತೇವಂತೆ. ಹೌದು ಸ್ವಾಮಿ. ಗುಂಡ್ಲುಪೇಟೆಯ ಹೊಲದಲ್ಲಿ ಚೆಂಡು ಹೂ ಬಿಡಿಸುವವಳ ಇನ್ನೊಂದು ಕೈಯಲ್ಲಿ ಮಂಕರಿ ಇರುತ್ತದೆ. ಕರಿಕಲ್ಲು ಕ್ವಾರಿಯ ದೂಳಿನಲ್ಲಿ ನಿಂತವನು ಜೇಬಿನಿಂದ ಮಕಮಲ್ಲಿನ ಬಟ್ಟೆ ತೆಗೆಯಬೇಕೇ? ಹಳೇ ಗಾಜು ಬಿದ್ದರೆ ಒಡೆಯುತ್ತಿತ್ತು, ಆ ಮಾತು ಬೇರೆ. ಒರೆಸಿದ್ದಕ್ಕೇ ಹಾಳಾಗುತ್ತಿರಲಿಲ್ಲ. ಈಗಿನದು ಮೆದು ಪ್ಲಾಸ್ಟಿಕ್ಕು, ಅದರ ಮೇಲೊಂದು ತೆಳು ಕೋಟಿಂಗು. ಬಿಸಿಲಲ್ಲಿ ನಿಂತ ಕಾರಿನೊಳಗೆ ಮರೆತರೆ ಅದೂ ಬಿರುಕು ಬಿಡುತ್ತದೆ. ಅಗ್ಗದ ಫ್ರೇಮಿನ ಕೀಲನ್ನು ಬಿಚ್ಚಿ ನೋಡಿ: ಸ್ಕ್ರೂ ನೇರ ಪ್ಲಾಸ್ಟಿಕ್ಕಿಗೇ ಕಚ್ಚಿಕೊಂಡಿರುತ್ತದೆ. ನಾಲ್ಕು ಸಲ ಬಿಗಿ ಮಾಡಿದರೆ ತೂತು ಸಡಿಲ. ಆಮೇಲೆ ಬ್ರಹ್ಮ ಬಂದರೂ ನಿಲ್ಲಿಸಲಾರ. ರಿಪೇರಿಯಾಗಬಾರದು ಎಂದೇ ಮಾಡಿದ ವಸ್ತು ಇದು.

2025ರ ಸೆಪ್ಟೆಂಬರ್ 22ರಿಂದ ಕನ್ನಡಕದ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು ಎಂದು ತಮಟೆ ಬಾರಿಸಿದರು. ಇಳಿಯಲಿ, ಸಂತೋಷ. ಒಂದರ ಜಾಗದಲ್ಲಿ ಮೂರು ಕೊಂಡರೆ ಆ ಐದು ಹದಿನೈದಾಯಿತು. ಹನ್ನೆರಡೇ ವಾಸಿಯಿತ್ತಲ್ಲ!

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕಿ’ಗೆಂದು ಸಮಿತಿ ಮಾಡಿತು. ಮೊದಲಿಗೆ ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲು, ಗೃಹಬಳಕೆಯ ಸಾಮಾನು, ವಾಹನ. ಕನ್ನಡಕದ ಸುದ್ದಿಯೇ ಇಲ್ಲ. 2021ರಲ್ಲಿ ಮಕ್ಕಳ ಆಟಿಕೆಗೆ, ಹೆಲ್ಮೆಟ್ಟಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಯಿತು, ಚಿನ್ನಕ್ಕೆ ಹಾಲ್‌ಮಾರ್ಕ್ ಬಂತು. ಚಾಳೀಸು ಕೊಳ್ಳುವ ಮುದುಕ ಯಾವ ಮುದ್ರೆ ನೋಡಿ ದುಡ್ಡು ಎಣಿಸಬೇಕು? ಇದ್ದರೂ ಓದಲು ಅವನಿಗೆ ಕನ್ನಡಕ ಬೇಕು, ಅದು ಬೇರೆ.

ರಾಜ್ಯ ಸರ್ಕಾರದ ‘ಆಶಾಕಿರಣ’ ಯೋಜನೆ ಮೊದಲು ಬಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಮನೆಬಾಗಿಲಲ್ಲೇ ಕಣ್ಣಿನ ತಪಾಸಣೆ, ಪುಕ್ಕಟೆ ಕನ್ನಡಕ. ಒಳ್ಳೆಯದೇ. ಆದರೆ ಕಡ್ಡಿ ಮುರಿದ ದಿನ ನಾವು ಯಾರ ಮನೆಬಾಗಿಲಿಗೆ ಹೋಗಬೇಕು? ಇಲ್ಲಿಗೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆ ಎಂದು ಎಷ್ಟೋ ಮುಖ್ಯಮಂತ್ರಿಗಳು ವರ್ಷಗಟ್ಟಲೆ ಇತ್ತ ತಲೆ ಹಾಕಲಿಲ್ಲ. 1997ರಲ್ಲಿ ಜಿಲ್ಲೆಯಾದರೂ ಸಣ್ಣಪುಟ್ಟದ್ದಕ್ಕೂ ಮೈಸೂರಿನ ಬಸ್ಸೇ ಗತಿ. ದಿನಗೂಲಿಯವಳು ಒಂದು ಸ್ಕ್ರೂಗಾಗಿ ಕೂಲಿ ಬಿಟ್ಟು ಬಸ್ಸು ಹತ್ತುವುದಿಲ್ಲ. ಕಡ್ಡಿಯ ಜಾಗಕ್ಕೆ ದಾರ ಕಟ್ಟಿಕೊಂಡು ಕಿವಿಗೆ ಸುತ್ತಿಕೊಳ್ಳುತ್ತಾಳೆ. ಇದನ್ನು ಯಾವ ಪ್ರಗತಿ ವರದಿಯ ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೋ!

ದೊಡ್ಡ ಯೋಜನೆ ಬೇಡ. ಪ್ರತಿ ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಒಂದು ಡಬ್ಬಿ ಸ್ಕ್ರೂ, ನಾಲ್ಕಾರು ಅಳತೆಯ ಕಡ್ಡಿ, ಜೋಡಿಸಲು ಬರುವ ಒಬ್ಬ ಮನುಷ್ಯ ಇರಲಿ. ಅಂಗಡಿಯವರು ಕಡ್ಡಿ, ಕೀಲು, ಕೋಟಿಂಗಿಗೆ ಎರಡು ವರ್ಷದ ಗ್ಯಾರಂಟಿಯನ್ನು ಬಿಲ್ಲಿನ ಮೇಲೇ ಬರೆದು ಸಹಿ ಹಾಕಲಿ. ಆಗದು ಎನ್ನುವವರು ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ನಿಂತು ಯಾಕೆ ಆಗದು ಎಂದು ಹೇಳಲಿ.