ಶಿಬಿರ ಅಲ್ಲಿ, ಮಕ್ಕಳು ಇಲ್ಲಿ, ಖರ್ಚು ಯಾರದು?

ಏಪ್ರಿಲ್ ಬಂತೆಂದರೆ ಸೂರತ್ ಕನ್ನಡಿಗರ ವಾಟ್ಸ್ಯಾಪ್ ಗುಂಪುಗಳಿಗೆ ಊರಿನಿಂದ ಬೇಸಿಗೆ ಶಿಬಿರಗಳ ಪೋಸ್ಟರ್‌ಗಳು ಬರತೊಡಗುತ್ತವೆ. ಮೈಸೂರು ರಂಗಾಯಣದ ಚಿನ್ನರ ಮೇಳ, ಕಥೆ ಕಟ್ಟುವ ಕಮ್ಮಟ, ಮುಖವಾಡ ಮಾಡುವ ಶಿಬಿರ, ಹೀಗೆ. ಎಲ್ಲರೂ ಒಂದೊಂದು ಹೆಬ್ಬೆಟ್ಟು ಒತ್ತಿ ಮುಂದಿನ ಸಂದೇಶಕ್ಕೆ ಹೋಗುತ್ತೇವೆ. ಕತಾರ್‌ಗಾಮ್‌ನ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಇಂಥ ಶಿಬಿರಕ್ಕೆ ಹೋಗಿದ್ದಾರೆ ಎಂದು ಈ ಸಲ ಪರಿಚಯದ ಮನೆಗಳಲ್ಲಿ ವಿಚಾರಿಸಿದೆ. ಒಬ್ಬಳೇ ಒಬ್ಬ ಹುಡುಗಿ ಹೋಗಿದ್ದಳು, ಅದೂ ಅಜ್ಜಿಯ ಮನೆ ಮೈಸೂರಿನಲ್ಲೇ ಇದ್ದುದರಿಂದ.

ಉಳಿದವರಿಗೆ ಆಸಕ್ತಿ ಇಲ್ಲವೆಂದಲ್ಲ. ಮೊದಲ ತೊಡಕು ಕ್ಯಾಲೆಂಡರಿನದು. ಕರ್ನಾಟಕದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ರಜೆ. ಶಿಬಿರಗಳು ಅದೇ ಲೆಕ್ಕದಲ್ಲಿ ಏಪ್ರಿಲ್ ಮಧ್ಯದಲ್ಲಿ ಶುರುವಾಗಿ ಮೇ ಮೊದಲೆರಡು ವಾರಗಳಲ್ಲಿ ಮುಗಿಯುತ್ತವೆ. ಗುಜರಾತ್ ಬೋರ್ಡಿನ ಶಾಲೆಗಳ ಬಾಗಿಲು ಮುಚ್ಚುವುದೇ ಆಗ. ನಮ್ಮ ಮಗು ಚೀಲ ಇಳಿಸುವ ವೇಳೆಗೆ ಅಲ್ಲಿ ಸಮಾರೋಪದ ನಾಟಕವೂ ಆಗಿಹೋಗಿರುತ್ತದೆ. ಎರಡನೆಯದು ದಾರಿ. ಅಜ್ಮೀರ್–ಮೈಸೂರು ರೈಲು ಅಹಮದಾಬಾದ್, ವಡೋದರಾ, ಸೂರತ್ ದಾಟಿ ಬೆಳಗಾವಿ, ಹುಬ್ಬಳ್ಳಿ ಮೇಲೆ ಹೋಗುತ್ತದೆ ನಿಜ. ಆದರೆ ಹತ್ತು ವರ್ಷದ ಮಗುವನ್ನು ಒಂದೂವರೆ ದಿನದ ಹಾದಿಗೆ ಒಂಟಿಯಾಗಿ ಹತ್ತಿಸಲಾಗದು. ಜೊತೆಗೆ ಒಬ್ಬರು ಹೋಗಬೇಕು, ರಜೆ ಹಾಕಬೇಕು. ಹೆಚ್ಚಿನವು ಹಗಲು ಶಿಬಿರಗಳು, ಹಾಗಾಗಿ ಉಳಿಯಲೊಂದು ಮನೆ ಬೇಕು. ಇವುಗಳ ಮುಂದೆ ಶಿಬಿರದ ಶುಲ್ಕ ಏನೇನೂ ಅಲ್ಲ.

ಮಕ್ಕಳು ದೊಡ್ಡವರಾದ ಮೇಲೆ ಇದೇ ಕಥೆ ಇಂಟರ್ನ್‌ಶಿಪ್ ಎಂಬ ಹೆಸರಿನಲ್ಲಿ ಮುಂದುವರಿಯುತ್ತದೆ. ವಡೋದರಾದಲ್ಲಿ ಓದುತ್ತಿರುವ ಇಬ್ಬರು ಕನ್ನಡದ ಹುಡುಗಿಯರಿಗೆ ಹೋದ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಪ್ರಕಾಶನದಿಂದ ಕರೆ ಬಂತು. ಎರಡು ತಿಂಗಳು ಕರಡು ತಿದ್ದುವ, ಮುಖಪುಟ ಮಾಡುವ ಕೆಲಸ. ಸಂಭಾವನೆ ಇಲ್ಲ, ಸರ್ಟಿಫಿಕೇಟ್ ಉಂಟು. ಒಬ್ಬಳ ತಂದೆ ಇಂಜಿನಿಯರ್. ಪಿಜಿ ಬಾಡಿಗೆ ಕಟ್ಟಿದರು, ಅವಳು ಹೋದಳು. ಇನ್ನೊಬ್ಬಳ ತಂದೆ ಕಾರ್ಖಾನೆಯ ಕ್ಯಾಂಟೀನ್ ನೋಡಿಕೊಳ್ಳುವವರು. ಅವಳು ಸೂರತ್‌ನಲ್ಲೇ ಸೀರೆ ಅಂಗಡಿಯೊಂದರ ಆನ್‌ಲೈನ್ ಆರ್ಡರ್ ಬರೆದುಕೊಂಡು ಬೇಸಿಗೆ ಕಳೆದಳು. ಇಬ್ಬರಲ್ಲಿ ಚೆನ್ನಾಗಿ ಬರೆಯುವವಳು ಎರಡನೆಯವಳು. ಇದನ್ನು ಹೇಳಿದ್ದು ನಾನಲ್ಲ, ಮೊದಲನೆಯವಳೇ.

2024ರಲ್ಲಿ ಆರಂಭವಾದಾಗ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ದೊಡ್ಡ ಕಂಪನಿಗಳಿಗೆ ಸೇರುವ ಯುವಕರಿಗೆ ತಿಂಗಳಿಗೆ 5,000 ರೂಪಾಯಿ ಗೊತ್ತುಮಾಡಿತು. ಅದೇ ಕಡಿಮೆ ಎಂದು ಗೊಣಗಿದವರು ನಾವು. ಪುಸ್ತಕಮನೆಗೆ, ನಾಟಕ ತಂಡಕ್ಕೆ, ಕಲಾಶಾಲೆಗೆ ಹೋಗುವ ಮಗುವಿಗೆ ಮಾತ್ರ ‘ಅನುಭವ ಸಿಗುತ್ತದಲ್ಲ’ ಎನ್ನುತ್ತೇವೆ.

ಅನುಭವ ಎಷ್ಟಿದ್ದರೂ ಹೊಟ್ಟೆ ಕೇಳುವುದಿಲ್ಲ ಎಂಬುದಕ್ಕೆ ಸೂರತ್‌ನಲ್ಲೇ ಒಂದು ಹಳೆಯ ಸಾಕ್ಷಿ ಇದೆ. ಇಲ್ಲಿನ ವಿಶ್ವವಿದ್ಯಾಲಯದ ಫಲಕದ ಮೇಲೆ ದಿನವೂ ನೋಡುವ ಹೆಸರು ಕವಿ ನರ್ಮದ್ ಅವರದು. 1833ರಲ್ಲಿ ಈ ಊರಲ್ಲಿ ಹುಟ್ಟಿದವರು. 1858ರಲ್ಲಿ ಮೇಷ್ಟ್ರ ಕೆಲಸ ಬಿಟ್ಟು, ಇನ್ನು ಲೇಖನಿಯಿಂದಲೇ ಬದುಕುತ್ತೇನೆಂದು ಪಣ ತೊಟ್ಟರು. ಗುಜರಾತಿ ಗದ್ಯಕ್ಕೆ ದಾರಿ ಹಾಕಿದರು, ‘ನರ್ಮಕೋಶ’ ಎಂಬ ನಿಘಂಟು ಕಟ್ಟಿದರು. ಕೊನೆಗೆ ಹಣದ ಮುಗ್ಗಟ್ಟು ತಾಳಲಾರದೆ 24 ವರ್ಷಗಳ ಪಣ ಮುರಿದು 1882ರಲ್ಲಿ ಮುಂಬೈಯಲ್ಲಿ ನೌಕರಿ ಹಿಡಿದರು. ನಾಲ್ಕೇ ವರ್ಷಕ್ಕೆ ತೀರಿಕೊಂಡರು.

ಹಣ ಸಿಕ್ಕಿದಾಗ ಏನಾಗುತ್ತದೆಂಬುದೂ ನಮಗೆ ಗೊತ್ತಿದೆ. ಯು.ಆರ್. ಅನಂತಮೂರ್ತಿ ‘ಸಂಸ್ಕಾರ’ ಬರೆದದ್ದು ಮಲೆನಾಡಿನಲ್ಲಿ ಕುಳಿತಲ್ಲ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮ್‌ಗೆ ಹೋಗಿದ್ದಾಗ. ಕಾದಂಬರಿ ಅಚ್ಚಾದದ್ದು 1965ರಲ್ಲಿ. ವೇತನ ಕೊಟ್ಟದ್ದು ಇಂಗ್ಲಿಷ್ ಸಂಶೋಧನೆಗೆ, ಫಲ ಉಂಡದ್ದು ಕನ್ನಡ. ಗಿರೀಶ ಕಾರ್ನಾಡರಿಗೆ 1970ರಿಂದ 72ರ ತನಕ ಹೋಮಿ ಭಾಭಾ ಫೆಲೋಶಿಪ್ ಇತ್ತು. ‘ಹಯವದನ’ ಆ ದಿನಗಳದು. ನಮ್ಮ ಪಕ್ಕದ ವಡೋದರಾವನ್ನೇ ನೋಡಿ. ಅಲ್ಲಿನ ಎಂ.ಎಸ್. ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗಕ್ಕೆ ಬೆಂಗಳೂರಿನ ಎನ್. ಪುಷ್ಪಮಾಲಾ ಶಿಲ್ಪಕಲೆ ಕಲಿಯಲು ಬಂದರು, ಕೋಟೇಶ್ವರದ ಎಲ್.ಎನ್. ತಲ್ಲೂರು ಮ್ಯೂಸಿಯಾಲಜಿ ಓದಲು ಬಂದರು. ಕನ್ನಡದ ಮಕ್ಕಳು ಕಲೆ ಕಲಿಯಲು ಗುಜರಾತಿಗೆ ಬರುವ ಹಾದಿ ಸವೆದಿದೆ. ಇಲ್ಲಿನ ಕನ್ನಡದ ಮಕ್ಕಳು ಅತ್ತ ಹೋಗುವ ಹಾದಿಯೇ ಸಪೂರ.

ದುಡ್ಡು ಎಲ್ಲೂ ಇಲ್ಲವೆಂದಲ್ಲ. ನ್ಯಾಷನಲ್ ಬುಕ್ ಟ್ರಸ್ಟ್ ನಡೆಸುವ ‘ಪ್ರಧಾನಮಂತ್ರಿ ಯುವ’ ಯೋಜನೆ 2021ರ ಮೊದಲ ಸುತ್ತಿನಲ್ಲಿ 30 ವರ್ಷದೊಳಗಿನ 75 ಬರಹಗಾರರಿಗೆ ತಿಂಗಳಿಗೆ 50,000 ರೂಪಾಯಿಯಂತೆ ಆರು ತಿಂಗಳು ಕೊಟ್ಟಿತು. ಕನ್ನಡದಲ್ಲೂ ಬರೆಯಬಹುದು, ಕತಾರ್‌ಗಾಮ್‌ನಿಂದಲೂ ಅರ್ಜಿ ಹಾಕಬಹುದು. ವಿಷಯ ಮಾತ್ರ ಅವರು ಕೊಟ್ಟದ್ದು: ಸ್ವಾತಂತ್ರ್ಯ ಹೋರಾಟ, ಪ್ರಜಾಪ್ರಭುತ್ವ, ಹೀಗೆ. ಮನಸ್ಸಿಗೆ ಬಂದ ಕಥೆಗೆ ಅಲ್ಲಿ ಜಾಗವಿಲ್ಲ. ಸಂಗೀತ, ನೃತ್ಯ, ರಂಗಭೂಮಿ, ಚಿತ್ರಕಲೆ ಕಲಿಯುವ 18ರಿಂದ 25ರ ವಯಸ್ಸಿನವರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ವೇತನವಿದೆ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಇವನ್ನು ಸಂಘಗಳು ಮಕ್ಕಳಿಗೆ ತಿಳಿಸಿ, ಅರ್ಜಿ ತುಂಬಿಸಿ ಕೊಟ್ಟರೂ ಉಪಕಾರವೇ. ಆದರೆ ಎರಡು ತಿಂಗಳ ಬೇಸಿಗೆಗೆ, ಒಂದು ರೈಲು ಟಿಕೆಟ್ಟಿಗೆ, ಒಂದು ಪಿಜಿ ಬಾಡಿಗೆಗೆ ದಿಲ್ಲಿಯ ಯೋಜನೆಗಳು ಆಗಿಬರುವುದಿಲ್ಲ.

ಅದು ನಾವು ಮಾಡಬೇಕಾದ ಕೆಲಸ. ಸಣ್ಣ ಪ್ರಕಾಶಕರನ್ನು, ನಾಟಕ ತಂಡಗಳನ್ನು ಬೈಯುವುದು ಸುಲಭ. ಅವರಲ್ಲಿ ಅನೇಕರು ತಮ್ಮ ಸಂಬಳವನ್ನೇ ಕಂಡಿರುವುದಿಲ್ಲ. ನವೆಂಬರಿನ ರಾಜ್ಯೋತ್ಸವಕ್ಕೆ ನಾವು ಹೊದಿಸುವ ಶಾಲು, ಬಾಡಿಗೆ ಲೈಟು, ಊರಿನಿಂದ ಕರೆಸುವ ಕಿರುತೆರೆ ನಟರ ವಿಮಾನದ ಟಿಕೆಟ್ಟು ಮಾತ್ರ ನಮ್ಮ ಕೈಯಲ್ಲೇ ಇದೆ. (ಹೋದ ವರ್ಷದ ಮುಖ್ಯ ಅತಿಥಿ ನಾಲ್ಕು ನಿಮಿಷ ಮಾತಾಡಿದರು, ಮೂರು ನಿಮಿಷ ಹಿಂದಿಯಲ್ಲಿ.)

ನನ್ನ ಲೆಕ್ಕ ಇಷ್ಟು. 20 ಮನೆಗಳು ತಿಂಗಳಿಗೆ 500 ರೂಪಾಯಿ ಎತ್ತಿಟ್ಟರೆ ವರ್ಷಕ್ಕೆ 1,20,000. ಅದರಲ್ಲಿ ಇಬ್ಬರು ಕಾಲೇಜು ಮಕ್ಕಳಿಗೆ ತಿಂಗಳಿಗೆ 10,000ದಂತೆ ಎರಡು ತಿಂಗಳ ಇಂಟರ್ನ್‌ಶಿಪ್ ವೇತನ ಕೊಟ್ಟರೆ 40,000. ಉಳಿದ 80,000ಕ್ಕೆ ಮಕ್ಕಳನ್ನು ಕಳಿಸುವ ಬದಲು ಶಿಬಿರವನ್ನೇ ಇಲ್ಲಿಗೆ ಕರೆತರಬಹುದು. ಕ್ಯಾಲೆಂಡರ್ ನಮಗೆ ತೊಡಕು ಅಂದೆನಲ್ಲ, ಇಲ್ಲಿ ಅದೇ ಅನುಕೂಲ. ಮೇ ಮಧ್ಯದ ಹೊತ್ತಿಗೆ ಕರ್ನಾಟಕದ ಶಿಬಿರಗಳಲ್ಲಿ ಕಲಿಸಿದವರು ಬಿಡುವಾಗಿರುತ್ತಾರೆ, ನಮ್ಮ ಮಕ್ಕಳಿಗೆ ಆಗಷ್ಟೇ ರಜೆ ಸಿಕ್ಕಿರುತ್ತದೆ. ಇಬ್ಬರು ಬೋಧಕರನ್ನು ಹತ್ತು ದಿನಕ್ಕೆ ಕರೆಸಿ, ಆ ಇಬ್ಬರು ಕಾಲೇಜು ಮಕ್ಕಳನ್ನು ಅವರ ಸಹಾಯಕ್ಕೂ ಹಚ್ಚಬಹುದು. ಮದುವೆ ಸೀಸನ್‌ನಲ್ಲಿ ಇಲ್ಲಿನ ವಾಡಿಗಳು ಸಿಗುವುದು ಕಷ್ಟ, ಆದರೆ ರಜೆಯಲ್ಲಿ ಶಾಲೆಯ ಕೋಣೆಗಳು ಖಾಲಿ.

ಇದನ್ನು ದೊಡ್ಡದು ಮಾಡಬೇಕೆಂದರೆ ಹಜೀರಾ, ಅಂಕಲೇಶ್ವರ, ಅಹಮದಾಬಾದಿನ ಕಂಪನಿಗಳಲ್ಲಿ ಕುಳಿತಿರುವ ನಮ್ಮವರು ಮನಸ್ಸು ಮಾಡಬೇಕು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನಡಿ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಏಳನೇ ಅನುಸೂಚಿಯ ಪಟ್ಟಿಯಲ್ಲಿ ಕಲೆ, ಸಂಸ್ಕೃತಿಯೂ ಇದೆ. ಸ್ವಂತ ನೌಕರರ ಅನುಕೂಲಕ್ಕೆಂದೇ ಮಾಡುವ ಖರ್ಚು ಲೆಕ್ಕಕ್ಕೆ ಬರದು, ಆದ್ದರಿಂದ ಶಿಬಿರದ ಬಾಗಿಲು ಕ್ಯಾಂಟೀನಿನವರ, ಕಟ್ಟಡ ಕೆಲಸದವರ ಮಕ್ಕಳಿಗೂ ತೆರೆದಿರಬೇಕು. ಅದು ಒಳ್ಳೆಯದೇ ಆಯಿತು. ಹಣ ಪಡೆಯುವ ಸಂಘಕ್ಕೆ 12ಎ, 80ಜಿ ಮತ್ತು ಸಿಎಸ್‌ಆರ್–1 ನೋಂದಣಿ ಬೇಕು. ಈ ಕಾಗದಗಳನ್ನು ಮಾಡಿಸಿಕೊಡಬಲ್ಲ ಚಾರ್ಟರ್ಡ್ ಅಕೌಂಟೆಂಟ್‌ಗಳು ನಮ್ಮ ಗುಂಪಿನಲ್ಲೇ ಇದ್ದಾರೆ, ದಿನವೂ ಬೆಳಿಗ್ಗೆ ಶುಭೋದಯ ಹಾಕುತ್ತಾರೆ.

ಸಂಘದ ಮುಂದಿನ ಮಹಾಸಭೆಗೆ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಒಯ್ಯುತ್ತಿದ್ದೇನೆ. ಬೋಧಕರು ಬರುವ ರೈಲು ಹೇಗೂ ವಡೋದರಾ, ಅಹಮದಾಬಾದ್ ಮೇಲೆಯೇ ಮುಂದೆ ಹೋಗುತ್ತದೆ. ಆ ಎರಡು ಊರಿನವರೂ ಹತ್ತತ್ತು ದಿನ ಹಂಚಿಕೊಂಡರೆ ಪ್ರಯಾಣದ ಖರ್ಚು ಮೂರು ಪಾಲಾಗುತ್ತದೆ.