ವೋಟ್ ಬ್ಯಾಂಕಿನ ಮ್ಯಾನೇಜರ್ ಯಾರು ಸ್ವಾಮಿ?

ಪ್ರತಿ ಚುನಾವಣೆಯ ಫಲಿತಾಂಶದ ದಿನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಮಾತು ಕೇಳಿಸಿಯೇ ಕೇಳಿಸುತ್ತೆ. "ಈ ಹಳ್ಳಿ ಜನ ಇರೋವರೆಗೂ ದೇಶ ಉದ್ಧಾರ ಆಗಲ್ಲ ಕಣೋ. ಎಲ್ಲಾ ವೋಟ್ ಬ್ಯಾಂಕು." ಹೇಳುವವನೇನೂ ಕೆಟ್ಟವನಲ್ಲ. ನನ್ನ ಟೀಮಿನವನೇ, ರಾತ್ರಿ ಹನ್ನೆರಡಕ್ಕೆ ಸರ್ವರ್ ಬಿದ್ದರೆ ಮೊದಲು ಫೋನ್ ಎತ್ತುವವನು. ಎದುರಿಗೆ ಮೊಸರನ್ನ ತಿನ್ನುತ್ತಾ ಕೂತ ನಾನೂ ಹಳ್ಳಿಯವನೇ ಅನ್ನೋದು ಆ ಹೊತ್ತಿಗೆ ಅವನಿಗೆ ಮರೆತಿರುತ್ತೆ. ಅಥವಾ ಬಿಇ ಮಾಡಿ ಐಡಿ ಕಾರ್ಡ್ ಕೊರಳಿಗೆ ಹಾಕ್ಕೊಂಡ ಮೇಲೆ ನಾನು ಆ ಲೆಕ್ಕಕ್ಕೆ ಬರಲ್ಲ ಅಂದ್ಕೊಂಡಿರ್ತಾನೆ.

ಕಳೆದ ಸಲ ಕೇಳಿಯೇ ಬಿಟ್ಟೆ. "ಆ ಪದ ಎಲ್ಲಿಂದ ಬಂತು ಗೊತ್ತೇನೋ?" ಟೀವಿಯವರದ್ದು ಅಂದ ಒಬ್ಬ. ರಾಜಕಾರಣಿಗಳದ್ದು ಅಂದ ಇನ್ನೊಬ್ಬ. ಇಲ್ಲ ಸ್ವಾಮಿ, ಅದನ್ನು ಚಲಾವಣೆಗೆ ತಂದವರು ಮೈಸೂರಿನಲ್ಲಿ ಹುಟ್ಟಿ ಬೆಳೆದ ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಆಕ್ಸ್‌ಫರ್ಡಿನಲ್ಲಿ ಓದಿ ಬಂದ ಅವರು 1948ರಲ್ಲಿ ಮೈಸೂರಿನ ಹತ್ತಿರದ ಕೊಡಗಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ಇದ್ದರು. ಪುಸ್ತಕಗಳಲ್ಲಿ ಅದಕ್ಕೆ 'ರಾಂಪುರ' ಅಂತ ಹೆಸರಿಟ್ಟರು. 1955ರಲ್ಲಿ ಆ ಊರಿನ ಬಗ್ಗೆ ಅವರು ಬರೆದ ಪ್ರಬಂಧದಿಂದ ಈ ಪದ ಹೊರಟಿದ್ದು.

ಆದರೆ ಅವರು ಹೇಳಿದ್ದೇನು? ಬಡವರು ಕುರಿಗಳ ಥರ ವೋಟು ಹಾಕ್ತಾರೆ ಅಂತಲ್ಲ. ಊರಲ್ಲಿ ಜಮೀನಿರುವ ದೊಡ್ಡ ಯಜಮಾನ ಒಬ್ಬನಿರ್ತಾನೆ. ಗೇಣಿದಾರರು, ಕೂಲಿಯವರು, ಸಾಲ ಪಡೆದವರು ಎಲ್ಲರೂ ಅವನ ಹಂಗಿನಲ್ಲಿರ್ತಾರೆ. ಅಭ್ಯರ್ಥಿ ಬಂದು ಆ ಯಜಮಾನನನ್ನು ಕಂಡರೆ ಸಾಕು, ಅಷ್ಟೂ ಮನೆಯ ವೋಟು ಒಟ್ಟಿಗೆ ಬೀಳುತ್ತೆ. ಅಂದರೆ ಆ ಬ್ಯಾಂಕು ಯಜಮಾನನ ಕೈಲಿತ್ತು. ಬಡವನ ವೋಟು ಅಲ್ಲಿ ಇಟ್ಟ ಠೇವಣಿ ಮಾತ್ರ. ಅಧಿಕಾರ ಇದ್ದವನ ಮೇಲೆ ಬೆರಳು ತೋರಿಸಲು ಹುಟ್ಟಿದ ಪದವನ್ನು ನಾವು ಇವತ್ತು ಅಧಿಕಾರವೇ ಇಲ್ಲದವನನ್ನು ಬೈಯೋಕೆ ಇಟ್ಕೊಂಡಿದ್ದೀವಿ.

ನಮ್ಮ ದೇಶ ತನ್ನನ್ನು ತಾನು ನೋಡಿಕೊಂಡ ಕನ್ನಡಿಯನ್ನು ಮಾಡಿಕೊಟ್ಟವರಲ್ಲಿ ಮಾನವಶಾಸ್ತ್ರಜ್ಞರ ಪಾಲು ದೊಡ್ಡದು. ಮೊದಲು ಕೊಟ್ಟವರು ಬ್ರಿಟಿಷ್ ಅಧಿಕಾರಿಗಳು. 1901ರ ಜನಗಣತಿಯ ಹೊಣೆ ಹೊತ್ತಿದ್ದ ಹರ್ಬರ್ಟ್ ರಿಸ್ಲಿ ಮೂಗಿನ ಅಗಲ ಅಳೆದು ಜಾತಿಯ ಎತ್ತರ ಹೇಳಬಹುದು ಅಂತ ನಂಬಿದ್ದ ಮನುಷ್ಯ. ಆ ಗಣತಿಯಲ್ಲಿ ಜಾತಿಗಳನ್ನು ಮೇಲು ಕೀಳು ಅಂತ ಸಾಲಾಗಿ ನಿಲ್ಲಿಸಿದ. ತಕ್ಷಣ 'ನಮ್ಮನ್ನು ಇನ್ನೂ ಮೇಲೆ ಹಾಕಿ' ಅಂತ ಜಾತಿ ಸಭೆಗಳ ಅರ್ಜಿ ಮೇಲೆ ಅರ್ಜಿ ಬಂದವು. ಅದಕ್ಕೂ ಮೊದಲು, 1871ರಲ್ಲೇ, ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅನ್ನುವ ಕಾನೂನು ಬಂದಿತ್ತು. ಆಮೇಲೆ ಬಂದ ಜಾತಿ ವರ್ಣನೆಯ ದಪ್ಪ ದಪ್ಪ ಸಂಪುಟಗಳು ಅದೇ ಹಣೆಪಟ್ಟಿಯನ್ನು ಶಾಸ್ತ್ರದ ಹೆಸರಲ್ಲಿ ಅಚ್ಚು ಹಾಕಿದವು. ಕಾನೂನು 1952ರಲ್ಲಿ ಹೋಯಿತು. ಹಣೆಪಟ್ಟಿ ಹೋಯಿತಾ? ಊರಲ್ಲಿ ಕಳ್ಳತನ ಆದರೆ ಮೊದಲು ಯಾರ ಗುಡಿಸಲಿಗೆ ಹೋಗ್ತಾರೆ ಅಂತ ಹಳ್ಳಿಯಲ್ಲಿ ಬೆಳೆದವರನ್ನು ಕೇಳಿ.

ಶ್ರೀನಿವಾಸ್ ಅವರ ದೊಡ್ಡತನ ಇರೋದು ಇಲ್ಲಿ. ಶಾಸ್ತ್ರಗ್ರಂಥ ಓದಿ ಜಾತಿಯನ್ನು ವಿವರಿಸೋದು ಬಿಡಿ, ಹೋಗಿ ನೋಡಿ ಅಂದರು. ಕೆಳಗಿನ ಜಾತಿಯವರು ಮೇಲಿನವರ ಆಚಾರ ಹಿಡಿದು ಏರಲು ನೋಡುವುದಕ್ಕೆ, ಕೊಡವರ ಬಗ್ಗೆ ಬರೆದ 1952ರ ಪುಸ್ತಕದಲ್ಲಿ, 'ಸಂಸ್ಕೃತೀಕರಣ' ಅಂದರು. ಊರನ್ನು ಆಳೋದು ಬರೀ ಪುರೋಹಿತನಲ್ಲ. ಜನಸಂಖ್ಯೆ, ಭೂಮಿ ಎರಡೂ ಇರುವ ಜಾತಿ ಅಂತ ತೋರಿಸಿ 'ಪ್ರಬಲ ಜಾತಿ' ಅಂದರು. ಕೆಎಎಸ್ ಓದುವ ಗೆಳೆಯರಿಗೆ ಇವು ಉರು ಹೊಡೆಯೋ ಉತ್ತರಗಳು. ದೇಶಕ್ಕೆ ತನ್ನನ್ನು ಅರ್ಥ ಮಾಡಿಕೊಳ್ಳೋ ಭಾಷೆ.

ಹಾಗಂತ ಕೈಮುಗಿದು ಕೂರಬೇಕಾ? ಬೇಡ. ರಾಂಪುರದಲ್ಲಿ ಅವರ ಬಿಡಾರ ಇದ್ದದ್ದು ಊರಿನ ಪಟೇಲರಿಗೆ ಸೇರಿದ, ಎತ್ತು ಕಟ್ಟುವ ಮನೆಯಲ್ಲಿ. ಅವರು ಬ್ರಾಹ್ಮಣರು, ಆಶ್ರಯ ಕೊಟ್ಟವರು ಒಕ್ಕಲಿಗರು. ಹೊಲೆಗೇರಿಗೆ ಹೋಗಿ ಕೂತು ಮಾತಾಡೋದು ಅಷ್ಟು ಸಲೀಸಾಗಿರಲಿಲ್ಲ. ತಮ್ಮದು ಮೇಲ್ಜಾತಿಯ ನೋಟ ಅಂತ ಅವರೇ ಒಪ್ಪಿಕೊಂಡಿದ್ದಾರೆ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಅವರು ಸಿದ್ಧಪಡಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಹೆಚ್ಚಾಗಿ ನೆನಪಿನಿಂದಲೇ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು. ಲೋಕವೆಲ್ಲ ಮೆಚ್ಚಿದ 'ಭಾರತದ ಹಳ್ಳಿ' ಅಂದರೆ ಪಟೇಲರ ಜಗಲಿಯಿಂದ ಕಂಡ ಹಳ್ಳಿ. ಕೇರಿಯ ಕಡೆಯಿಂದ ಅದೇ ಊರು ಹೇಗೆ ಕಾಣ್ತಿತ್ತು ಅಂತ ಬರೆಯೋಕೆ ಆಗ ಅಲ್ಲಿನ ಯಾರ ಕೈಗೂ ಪೆನ್ನು ಕೊಟ್ಟಿರಲಿಲ್ಲ.

ಇದನ್ನು ಹೇಳೋ ಹಕ್ಕು ನನಗೆಷ್ಟಿದೆ? ನಾನು ಹುಟ್ಟಿದ್ದೂ ಅಂಥದ್ದೇ ಜಗಲಿ ಇರುವ ಮನೆಯಲ್ಲಿ. ಚುನಾವಣೆ ಬಂದರೆ ಜೀಪು ನಮ್ಮ ಬಾಗಿಲಿಗೇ ಬರ್ತಿತ್ತು. ತಾತ ಎಲೆಅಡಿಕೆ ತಟ್ಟೆ ಮುಂದಿಟ್ಟು ಮಾತು ಮುಗಿಸೋರು. ಸಂಜೆ ಹೊಲದ ಕೆಲಸದವರನ್ನು ಕರೆದು ಯಾವ ಗುರುತು ಅಂತ ಹೇಳೋರು, ಅಷ್ಟೇ. ಕೇರಿ ಕಡೆಗೆ ಆ ಜೀಪು ತಿರುಗಿದ್ದು ನಾನು ನೋಡಿಲ್ಲ. ಕ್ಯಾಂಟೀನಿನಲ್ಲಿ 'ವೋಟ್ ಬ್ಯಾಂಕ್' ಅಂತ ಬೈಸಿಕೊಳ್ಳೋರು ಆ ಕೆಲಸದವರು. ಮ್ಯಾನೇಜರ್ ಆಗಿದ್ದವರು ನಮ್ಮ ತಾತ. ಆ ಬ್ಯಾಂಕಿನ ಬಡ್ಡಿಯಲ್ಲಿ ಓದಿ ಎಂಜಿನಿಯರ್ ಆದವನು ನಾನು.

ಹೋದ ಚುನಾವಣೆಗೆ ಊರಿಗೆ ಹೋಗಿದ್ದೆ. ಬೂತಿನ ಹೊರಗೆ, ನಮ್ಮ ಮನೆಯಲ್ಲಿ ವರ್ಷಗಟ್ಟಲೆ ದುಡಿದ ಅಜ್ಜಿ ಸಿಕ್ಕರು. ಸಲಿಗೆಯಿಂದ "ಯಾರಿಗ್ ಹಾಕ್ದೆ ಅಜ್ಜಿ?" ಅಂದೆ. "ಅದ್ಯಾಕಪ್ಪ ನಿಂಗೆ?" ಅಂತ ನಕ್ಕು, ಸೆರಗು ಕೊಡವಿಕೊಂಡು ಹೋದರು. ನಾಚಿಕೆ ಆಯ್ತು. ಆ ಪ್ರಶ್ನೆ ನನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಬಂದಿದ್ದು ತಾತನಿಂದ.

ಆದ್ದರಿಂದ ಗೆಳೆಯರೇ, ಮುಂದಿನ ಸಲ ಆ ಪದ ಬಾಯಿಗೆ ಬಂದಾಗ ಒಂದು ನಿಮಿಷ ತಡೆಯಿರಿ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ 'ಎಲ್ಲರೂ ಇವರಿಗೇ ಹಾಕಿ' ಅಂತ ಸಂದೇಶ ಬಂದರೆ ಅದಕ್ಕೆ ಜಾಗೃತಿ ಅಂತೀವಿ. ಅದೇ ಕೆಲಸ ಕೇರಿಯವರು ಮಾಡಿದರೆ ಬ್ಯಾಂಕು. ಶ್ರೀನಿವಾಸ್ ಹೋಗಿ ನೋಡಿ ಅಂದರು. ನಾವು ಹೋಗಿ ನೋಡೋದೂ ಇಲ್ಲ, ನೋಡಿದವರು ಬರೆದದ್ದನ್ನು ಓದೋದೂ ಇಲ್ಲ. ಅವರ ಪದ ಮಾತ್ರ ಕದ್ದು, ತಿರುಗಿಸಿ ಹಿಡಿದು ಹೊಡೀತೀವಿ. ಕನಿಷ್ಠ ಅದನ್ನಾದರೂ ಬಿಡೋಣ.