ಹಕ್ಕಿಗೆ ಅಕ್ಕಿಗಿಂತ ಗಿಡ ಮೇಲು

ಮೊನ್ನೆ ಪಾಠ ಮುಗಿದ ಮೇಲೆ ಎಂಟನೇ ತರಗತಿಯ ಹುಡುಗಿಯೊಬ್ಬಳು ನನ್ನ ಮೇಜಿನ ಬಳಿ ಬಂದು ನಿಂತಳು. "ಸಾರ್, ಒಂದು ತಿಂಗಳಿಂದ ದಿನಾ ತಾರಸಿ ಮೇಲೆ ತಟ್ಟೇಲಿ ಅಕ್ಕಿ ಇಡ್ತಿದೀನಿ. ಪಾರಿವಾಳ ಬಿಟ್ರೆ ಇನ್ನೊಂದು ಹಕ್ಕಿ ಬರಲಿಲ್ಲ. ಬೇರೆ ಹಕ್ಕಿಗಳೆಲ್ಲ ಎಲ್ಲಿ ಹೋದವು?" ಎಂದು ಕೇಳಿದಳು.

"ಅಕ್ಕಿ ತಿನ್ನೋ ಹಕ್ಕಿ ಬಂದಿದೆಯಲ್ಲಮ್ಮ. ತಿನ್ನದೇ ಇರೋದು ಯಾಕೆ ಬರಬೇಕು?" ಎಂದೆ. ಅವಳು ನಕ್ಕಳು, ಆದರೆ ಸಮಾಧಾನವಾದಂತೆ ಕಾಣಲಿಲ್ಲ. ಅವಳಿಗೆ ಕೊಡಬೇಕಾದ ಪೂರ್ತಿ ಉತ್ತರವನ್ನು ಈ ವಾರ ಇಲ್ಲಿ ಬರೆಯುತ್ತಿದ್ದೇನೆ. ತಂದೆ ತಾಯಂದಿರೂ ಓದಬೇಕು. ಯಾಕೆಂದರೆ ಗಿಡ ನೆಡುವುದು ಮಕ್ಕಳಾದರೂ ಅದನ್ನು ಉಳಿಸುವುದೋ ಕೀಳುವುದೋ ನಿರ್ಧರಿಸುವವರು ದೊಡ್ಡವರು.

ಹಕ್ಕಿಯ ಊಟ ಏನೆಂದು ತಿಳಿಯಲು ಅದರ ಕೊಕ್ಕು ನೋಡಿದರೆ ಸಾಕು. ಗುಬ್ಬಚ್ಚಿ, ರಾಟವಾಳಗಳ ಕೊಕ್ಕು ಮೋಟು, ದಪ್ಪ. ಕಾಳು ಒಡೆಯಲು ಹೇಳಿ ಮಾಡಿಸಿದ್ದು. ಸೂರಕ್ಕಿಯದು ಬಾಗಿದ ಸೂಜಿಯಂತೆ, ಹೂವಿನೊಳಗೆ ಇಳಿಯಲು. ಸಿಂಪಿಗನದು ಸಣ್ಣ ಚಿಮಟದಂತೆ; ಎಲೆಯ ಅಡಿಯ ಹುಳು ಎತ್ತಲು. ಸೂರಕ್ಕಿಯ ಮುಂದೆ ಸೇರುಗಟ್ಟಲೆ ಅಕ್ಕಿ ಸುರಿದರೂ ಅದಕ್ಕೆ ಉಪವಾಸವೇ. ಅದರ ಮೇಲೆ, ಒಂದೇ ಜಾಗದಲ್ಲಿ ದಿನವೂ ಕಾಳು ಹಾಕಿದರೆ ಪಾರಿವಾಳಗಳು ಹೆಚ್ಚುತ್ತವೆ. ಅವುಗಳ ಒಣಗಿದ ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶಕ್ಕೆ ತೊಂದರೆ ಕೊಡುವುದೂ ಉಂಟು. ತಟ್ಟೆಯ ಬದಲು ಗಿಡವನ್ನೇ ಬೆಳೆಸಿದರೆ ಬಗೆಬಗೆಯ ಹಕ್ಕಿಗಳು ತಮಗೆ ಬೇಕಾದುದನ್ನು ತಾವೇ ಹುಡುಕಿಕೊಳ್ಳುತ್ತವೆ.

ಹೂವಿನ ಊಟ

ಸುಲಭವಾದದ್ದು ದಾಸವಾಳ. ಆದರೆ ಒಂಟಿ ಎಸಳಿನ ನಾಟಿ ದಾಸವಾಳವನ್ನೇ ಹಾಕಿ. ಸುತ್ತು ದಾಸವಾಳದಲ್ಲಿ ಕೇಸರಗಳೇ ಎಸಳುಗಳಾಗಿ ತುಂಬಿಕೊಂಡಿರುತ್ತವೆ; ಹಕ್ಕಿಗೆ ಮಕರಂದ ಸಿಕ್ಕುವುದು ಕಷ್ಟ. ಬೆಳಿಗ್ಗೆ ಸೂರಕ್ಕಿ ಬಂದಾಗ ಗಮನವಿಟ್ಟು ನೋಡಿ. ಎಷ್ಟೋ ಸಲ ಅದು ಹೂವಿನ ಬಾಯಿಗೆ ಹೋಗುವುದೇ ಇಲ್ಲ. ಬುಡದಲ್ಲಿ ಚುಚ್ಚಿ, ತೂತು ಮಾಡಿ, ಮಕರಂದ ಹೀರಿ ಹಾರಿಹೋಗುತ್ತದೆ. ಪರಾಗ ಅದರ ತಲೆಗೆ ತಾಗುವುದಿಲ್ಲ. ಅಂದರೆ ಊಟ ಮಾಡಿ ದುಡ್ಡು ಕೊಡದೆ ಹೋದಂತೆ! ನುಗ್ಗೆಯ ಹೂವಿಗೂ, ಗುಡ್ಡದ ಕಡೆಯ ಕೇಪಳಕ್ಕೂ ಸೂರಕ್ಕಿ ಬರುತ್ತದೆ. ಜಾಗ ದೊಡ್ಡದಿದ್ದರೆ ಹಾಲಿವಾಣ, ಮುತ್ತುಗ, ಬೂರುಗಗಳಿವೆ. ಬೇಸಿಗೆ ಹತ್ತಿರವಾಗುತ್ತಿದ್ದಂತೆ ಎಲೆ ಉದುರಿಸಿ ಕೆಂಪಗೆ ಅರಳುವ ಈ ಮರಗಳ ಮೇಲೆ ಮೈನಾ, ಕಾಗೆ, ಪಿಕಳಾರಗಳ ಸಂತೆಯೇ ನೆರೆಯುತ್ತದೆ. ಪಕ್ಷಿತಜ್ಞ ಸಲೀಂ ಅಲಿ ಅವರು ಭಾರತದ ಹೂಗಳಿಗೂ ಹಕ್ಕಿಗಳಿಗೂ ಇರುವ ಈ ನಂಟನ್ನು ಕುರಿತು 1932ರಲ್ಲಿಯೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ದೀರ್ಘವಾಗಿ ಬರೆದಿದ್ದರು.

ಹಣ್ಣಿನ ಊಟ

ಬೇಗ ಫಲ ಕೊಡುವುದು ಗಸಗಸೆ ಹಣ್ಣಿನ ಮರ. ಮೂಲ ಅಮೆರಿಕ ಖಂಡದ್ದಾದರೂ ನಮ್ಮ ಶಾಲೆಗಳ ಅಂಗಳಕ್ಕೆ ಹೊಂದಿಕೊಂಡುಬಿಟ್ಟಿದೆ. ಎರಡು ಮೂರು ವರ್ಷದಲ್ಲೇ ಕಾಯಿ ಬಿಟ್ಟು, ನಂತರ ಹೆಚ್ಚುಕಡಿಮೆ ವರ್ಷವಿಡೀ ಹಣ್ಣು ಕೊಡುತ್ತದೆ. ಪಿಕಳಾರ, ಕೋಗಿಲೆ, ಕುಟ್ರುಹಕ್ಕಿ, ನಮ್ಮ ದೇಶದ ಅತಿ ಚಿಕ್ಕ ಹಕ್ಕಿಗಳಲ್ಲೊಂದಾದ ಬದನಿಕೆ, ಎಲ್ಲವೂ ಅಲ್ಲಿ ಗಿರಾಕಿಗಳೇ. ರಾತ್ರಿ ಪಾಳಿಗೆ ಬಾವಲಿಗಳು. ಕರಿಬೇವಿನ ಗಿಡವನ್ನು ಹೂ ಬಿಡುವಷ್ಟು ಬೆಳೆಯಲು ಬಿಟ್ಟರೆ ಅದರ ಕಪ್ಪು ಹಣ್ಣಿಗೂ ಪಿಕಳಾರ, ಕೋಗಿಲೆ ಬರುತ್ತವೆ. ಆದರೆ ಮಕ್ಕಳೇ, ಹಕ್ಕಿ ತಿಂದದ್ದನ್ನೆಲ್ಲ ನಾವೂ ತಿನ್ನಬಹುದು ಎಂದುಕೊಳ್ಳಬೇಡಿ.

ಬಾಡಿಗೆ ಮನೆ, ಮಣ್ಣೇ ಇಲ್ಲ ಎನ್ನುವವರು ಕುಂಡದಲ್ಲಿ ಸೂಜಿಮೆಣಸು ಹಾಕಿ. ಪಿಕಳಾರ ಅದನ್ನು ಕಣ್ಣಲ್ಲಿ ನೀರಿಲ್ಲದೆ ನುಂಗುತ್ತದೆ! ಖಾರ ಎನ್ನುವುದು ಕ್ಯಾಪ್ಸೈಸಿನ್ ಎಂಬ ರಾಸಾಯನಿಕ. ನಮ್ಮ ನಾಲಿಗೆಗೆ ಅದು ಉರಿ. ಹಕ್ಕಿಗಳ ನರಗಳಿಗೆ ಅದು ನಾಟುವುದಿಲ್ಲ. ಯಾಕಿರಬಹುದು? ಅಮೆರಿಕದ ಅರಿಜೋನಾದಲ್ಲಿ ಕಾಡುಮೆಣಸಿನಕಾಯಿಯ ಮೇಲೆ ನಡೆಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಇಲಿ ಜಾತಿಯ ಪ್ರಾಣಿಗಳಿಗೆ ಖಾರವಿಲ್ಲದ ತಳಿ ತಿನ್ನಿಸಿದಾಗ ಅವುಗಳ ಹೊಟ್ಟೆಯಿಂದ ಹೊರಬಿದ್ದ ಬೀಜ ಒಂದೂ ಮೊಳೆಯಲಿಲ್ಲ. ಹಕ್ಕಿಯ ಹೊಟ್ಟೆ ಹಾದುಬಂದವು ಚೆನ್ನಾಗಿಯೇ ಮೊಳೆತವು. ಹಲ್ಲಿರುವವರನ್ನು ದೂರವಿಟ್ಟು ಹಲ್ಲಿಲ್ಲದವರನ್ನು ಕರೆಯುವ ಉಪಾಯ ಈ ಖಾರ.

ಹುಳುವಿನ ಊಟ

ಇಲ್ಲಿಯವರೆಗಿನದು ಎಲ್ಲರಿಗೂ ಒಪ್ಪಿಗೆಯಾಗುವ ಮಾತು. ಇನ್ನು ಮುಂದಿನದು ಕಷ್ಟ. ನನಗೂ ಅದು ಕಷ್ಟಪಟ್ಟೇ ತಿಳಿದದ್ದು.

ಹನ್ನೆರಡು ವರ್ಷದ ಹಿಂದಿನ ಮಾತು. ನಮ್ಮ ಹಿತ್ತಿಲಿನ ಬದನೆ ಗಿಡದಲ್ಲಿ ಸಿಂಪಿಗ ಜೋಡಿಯೊಂದು ಎಲೆ ಹೊಲಿದು ಗೂಡು ಮಾಡಿತ್ತು. ಮೂರು ಮರಿ. ಪಕ್ಕದಲ್ಲೇ ಇದ್ದ ಎಳೆಯ ಕರಿಬೇವಿನ ಗಿಡಕ್ಕೆ ಹುಳು ಬಿದ್ದು ಎಲೆಯೆಲ್ಲ ಬೋಳಾಗುತ್ತಿತ್ತು. ಪೇಟೆಯಿಂದ ಔಷಧಿ ತಂದು ಕರಿಬೇವಿಗೂ ಸುತ್ತಲಿನ ಗಿಡಗಳಿಗೂ ಹೊಡೆದೆ. ಗೂಡಿದ್ದ ಗಿಡ ಒಂದನ್ನು ಬಿಟ್ಟಿದ್ದೆ. ಅಷ್ಟು ಎಚ್ಚರಿಕೆ ಸಾಕೆಂದುಕೊಂಡಿದ್ದೆ. ಸಂಜೆಗೆ ಹುಳುಗಳೆಲ್ಲ ನೆಲಕ್ಕೆ ಬಿದ್ದಿದ್ದವು. ಮೂರನೆಯ ದಿನ ಬೆಳಿಗ್ಗೆ ಐದನೇ ತರಗತಿಯಲ್ಲಿದ್ದ ನನ್ನ ಮಗಳು ಒಳಗೆ ಬಂದು, "ಅಪ್ಪಾ, ಮರಿಗಳು ಯಾಕೆ ಕೂಗ್ತಿಲ್ಲ?" ಎಂದಳು.

ಮರಿಗಳು ಸತ್ತಿದ್ದವು. ವಿಷ ತಗುಲಿದ ಹುಳು ತಿಂದು ಸತ್ತವೋ, ಹುಳುವೇ ಸಿಗದೆ ಹಸಿದು ಸತ್ತವೋ, ಬೇರೆ ಕಾರಣವಿತ್ತೋ, ಪರೀಕ್ಷೆ ಮಾಡಿ ನೋಡಿದವರಿಲ್ಲ. ಆದ್ದರಿಂದ ಔಷಧಿಯಿಂದಲೇ ಎಂದು ನಾನು ಸಾಧಿಸಲಾರೆ. ಆದರೆ ಮಗಳಿಗೆ ಅಂದು ಏನೂ ಉತ್ತರ ಹೇಳಲಾಗಲಿಲ್ಲ. ಪ್ರತಿ ವರ್ಷ ಕರಿಹಲಗೆಯ ಮೇಲೆ ಎಲೆ, ಹುಳು, ಹಕ್ಕಿ ಎಂದು ಬಾಣದ ಗುರುತು ಹಾಕಿ ಆಹಾರ ಸರಪಳಿ ಬರೆಯುವವನು ನಾನು. ಮನೆಯಲ್ಲಿ ಆ ಸರಪಳಿಯ ನಡುವಿನ ಕೊಂಡಿಯನ್ನೇ ತೆಗೆದುಹಾಕಿದ್ದೆ.

ವಿಷಯ ಇಷ್ಟೇ. ದೊಡ್ಡ ಹಕ್ಕಿ ಕಾಳೋ ಮಕರಂದವೋ ತಿಂದು ಬದುಕಬಹುದು. ಮರಿ ಬೆಳೆಯಲು ಪ್ರೋಟೀನು ಬೇಕು. ಕಾಳು ತಿನ್ನುವ ಗುಬ್ಬಚ್ಚಿಯೂ ಮಕರಂದ ಹೀರುವ ಸೂರಕ್ಕಿಯೂ ಮರಿಗಳಿಗೆ ತಂದು ಕೊಡುವುದು ಹುಳುಹುಪ್ಪಟೆ, ಜೇಡಗಳನ್ನು. ಪಾರಿವಾಳಕ್ಕೆ ಈ ಚಿಂತೆಯಿಲ್ಲ. ಅದು ತನ್ನ ಗಂಟಲ ಚೀಲದಲ್ಲಿ ಹಾಲಿನಂಥ ಪೌಷ್ಟಿಕ ದ್ರವ ತಯಾರಿಸಿ ಮರಿಗೆ ಉಣಿಸುತ್ತದೆ. ಹುಳುವಿಲ್ಲದ ಕಾಂಕ್ರೀಟಿನ ಊರಿನಲ್ಲೂ ಪಾರಿವಾಳ ಸಂಸಾರ ಹೂಡಲು ಇದೂ ಒಂದು ಕಾರಣ.

ಆದ್ದರಿಂದ ಹಕ್ಕಿ ಬೇಕಾದವರು ಒಂದಿಷ್ಟು ಎಲೆಯನ್ನು ಹುಳುವಿಗೆ ಬಿಟ್ಟುಕೊಡಬೇಕು. ಕರಿಬೇವು, ನಿಂಬೆ ಗಿಡದ ಹುಳು ಬೇರೆ ಯಾರೂ ಅಲ್ಲ, ನಿಂಬೆ ಚಿಟ್ಟೆಯ ಮರಿ. ಚಿಕ್ಕದಿದ್ದಾಗ ಥೇಟ್ ಹಕ್ಕಿಯ ಹಿಕ್ಕೆಯಂತೆ ಕಪ್ಪು ಬಿಳುಪಾಗಿದ್ದು, ಬಲಿತಾಗ ಎಲೆಹಸಿರಾಗುತ್ತದೆ. ಗಿಡ ತೀರಾ ಎಳೆಯದಾದರೆ ಹುಳುವನ್ನು ಕಡ್ಡಿಯಲ್ಲಿ ಎತ್ತಿ ದೊಡ್ಡ ಗಿಡಕ್ಕೆ ಬಿಡಿ. ಬೋಳಾದ ಕರಿಬೇವು ಸಾಮಾನ್ಯವಾಗಿ ಮತ್ತೆ ಚಿಗುರುತ್ತದೆ. ಅಲ್ಲದೆ, ಆ ಎಲೆ ನಾಳೆ ನಮ್ಮ ಸಾರಿಗೇ ಬೀಳುವುದು ಎಂಬುದನ್ನು ತಾಯಂದಿರು ನೆನೆದರೆ ಔಷಧಿ ಹೊಡೆಯಲು ಮನಸ್ಸು ಬರಲಾರದು. ನುಗ್ಗೆಯ ಕಂಬಳಿಹುಳು ಮಾತ್ರ ಮೈಗೆ ತಾಗಿದರೆ ತುರಿಕೆ; ಮಕ್ಕಳು ಅದರ ತಂಟೆಗೆ ಹೋಗಬಾರದು. ಅದನ್ನು ತಿನ್ನಲು ಚಾತಕ, ಕೆಂಬೂತಗಳಿವೆ.

ಎರಡು ಎಚ್ಚರಿಕೆ. ಲಂಟಾನಕ್ಕೆ ಹಕ್ಕಿ ಬರುತ್ತವೆಂದು ಅದನ್ನು ನೆಡಬೇಡಿ. ಅಲಂಕಾರಕ್ಕೆಂದು 19ನೇ ಶತಮಾನದ ಆರಂಭದಲ್ಲಿ ಹೊರದೇಶದಿಂದ ತಂದ ಆ ಗಿಡ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳನ್ನು ನುಂಗುತ್ತಿದೆ. ಬೀಜ ಹರಡುವವರು ಹಕ್ಕಿಗಳೇ. ಹಾಗೆಯೇ ಆಲ, ಅತ್ತಿ, ಬಸರಿಗಳಷ್ಟು ಹಕ್ಕಿಗಳನ್ನು ಸಾಕುವ ಮರ ಬೇರೆಯಿಲ್ಲವಾದರೂ ಮನೆಯ ಗೋಡೆಗೆ ಅವು ಶತ್ರು. ಅವಕ್ಕೆ ಊರ ಗುಂಡುತೋಪು, ಕೆರೆ ಏರಿಯ ಆಚೆಯ ಬಯಲು, ಶಾಲೆಯ ಮೈದಾನದ ಮೂಲೆ ತಕ್ಕ ಜಾಗ.

ಮಾಡಿ ನೋಡಿ

ಹಣ್ಣಿನ ಮರದ ಕೆಳಗೋ ವಿದ್ಯುತ್ ತಂತಿಯ ಕೆಳಗೋ ಬಿದ್ದ ಹಕ್ಕಿ ಹಿಕ್ಕೆಯನ್ನು ಕಡ್ಡಿಯಿಂದ ಎತ್ತಿ, ಕುಂಡದ ಮಣ್ಣಿಗೆ ಹಾಕಿ ದಿನವೂ ನೀರು ಚಿಮುಕಿಸಿ. ಕೈಯಿಂದ ಮುಟ್ಟಬೇಡಿ; ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಪಕ್ಕದಲ್ಲಿ ಇನ್ನೊಂದು ಕುಂಡಕ್ಕೆ ಅದೇ ಮಣ್ಣು ತುಂಬಿ, ಹಿಕ್ಕೆ ಹಾಕದೆ ಇಡಿ. ಎರಡನೆಯ ಕುಂಡ ಯಾಕೆ ಬೇಕು ಎಂಬುದನ್ನು ನೀವೇ ಯೋಚಿಸಿ. ತಿಂಗಳೆರಡು ತಿಂಗಳಲ್ಲಿ ಯಾವ ಯಾವ ಸಸಿ ಎದ್ದವೆಂದು ಬರೆದಿಡಿ.

ಆ ಹುಡುಗಿಗೆ ನಮ್ಮ ಮನೆಯ ಕರಿಬೇವಿನ ಬುಡದಿಂದ ಒಂದು ಸಸಿ ಕಿತ್ತು ಕೊಟ್ಟಿದ್ದೇನೆ. ಪೇಂಟಿನ ಹಳೇ ಡಬ್ಬಿಯಲ್ಲಿ ನೆಟ್ಟಿದ್ದಾಳಂತೆ. "ಹುಳು ಬಂದ್ರೆ ಅಮ್ಮ ಬೈತಾರೆ ಸಾರ್" ಎಂದಳು. ಅವರಮ್ಮ ಈ ಪುರವಣಿ ಓದುತ್ತಾರೆಂದು ಕೇಳಿ ಧೈರ್ಯವಾಯಿತು.